ಕನಸಿನ ಲೋಕ ಕಟ್ಟಿ ದಿವಾಳಿಯಾದ ಜಾನ್ ಹೆನ್ರಿ ಐಲ್ಸ್

ಇಂಗ್ಲೆಂಡಿನ ಕೆಂಟ್ ಕರಾವಳಿಯಲ್ಲಿ ಮಾರ್ಗೇಟ್ ಎಂಬ ಸಣ್ಣ ಪಟ್ಟಣವಿದೆ. ಅಲ್ಲಿನ ಮರಳ ದಂಡೆಗೆ ಎದುರಾಗಿರುವ ಡ್ರೀಮ್‌ಲ್ಯಾಂಡ್ ಮನರಂಜನಾ ಉದ್ಯಾನದೊಳಗೆ, ಮರದ ತೊಲೆಗಳ ಮೇಲೆ ನಿಂತ ಆಟದ ರೈಲುಹಾದಿಯೊಂದು 1920ರಿಂದಲೂ ಇದೆ. ಹಳೆಯ ಇಗರ್ಜಿಗಳು, ಅರಮನೆಗಳು ಇರುವ ಸಂರಕ್ಷಿತ ಕಟ್ಟಡಗಳ ಪಟ್ಟಿಗೆ ಬ್ರಿಟನ್ ಸರ್ಕಾರ ಈ ಸೀನಿಕ್ ರೈಲ್ವೆಯನ್ನೂ ಸೇರಿಸಿದೆ. ಉದ್ಯಾನ ನೆಲಸಮವಾಗದಂತೆ ತಡೆದು ಮತ್ತೆ ಬಾಗಿಲು ತೆರೆಸಲು ಸಾಮಾನ್ಯ ಜನ ಹನ್ನೆರಡು ವರ್ಷ ಹೋರಾಡಿದರು. ಆದರೆ ಇದನ್ನು ಕಟ್ಟಿಸಿದ ಜಾನ್ ಹೆನ್ರಿ ಐಲ್ಸ್ ಅವರಿಗೆ ಕೊನೆಗಾಲದಲ್ಲಿ ತಮ್ಮ ಆಸ್ತಿಯನ್ನೇ ಉಳಿಸಿಕೊಳ್ಳಲಾಗಲಿಲ್ಲ.

ಐಲ್ಸ್ ಜನಿಸಿದ್ದು 1871ರ ಸೆಪ್ಟೆಂಬರ್ 17ರಂದು, ಬ್ರಿಸ್ಟಲ್ ನಗರದಲ್ಲಿ. ಯೌವನದಲ್ಲಿ ಕ್ರಿಕೆಟ್ ಆಡುತ್ತಿದ್ದರು. 1890 ಮತ್ತು 1891ರಲ್ಲಿ ಗ್ಲೌಸ್ಟರ್‌ಶೈರ್ ಕೌಂಟಿಯ ಪರವಾಗಿ ಕಣಕ್ಕಿಳಿದದ್ದೂ ಉಂಟು. ಅದು ಡಬ್ಲ್ಯು.ಜಿ. ಗ್ರೇಸ್ ಅವರಂಥ ದೈತ್ಯ ಪ್ರತಿಭೆಯ ಕೌಂಟಿ. ಅಲ್ಲಿ ಐಲ್ಸ್ ಹೆಸರು ಮಾಡಲಿಲ್ಲ. ಅವರ ಹಣೆಬರಹ ಬೇರೆಡೆ ಬರೆದಿತ್ತು.

1898ರಲ್ಲಿ ವ್ಯವಹಾರ ನಿಮಿತ್ತ ಮ್ಯಾಂಚೆಸ್ಟರಿಗೆ ಹೋಗಿದ್ದ ಐಲ್ಸ್, ಅಲ್ಲಿನ ಬೆಲ್ ವ್ಯೂ ಉದ್ಯಾನದಲ್ಲಿ ನಡೆಯುತ್ತಿದ್ದ ಬ್ರಾಸ್ ಬ್ಯಾಂಡ್ ಸ್ಪರ್ಧೆಗೆ ಆಕಸ್ಮಿಕವಾಗಿ ಕಾಲಿಟ್ಟರು. ಬ್ರಾಸ್ ಬ್ಯಾಂಡ್ ಎಂದೊಡನೆ ನಮಗೆ ಮದುವೆ ದಿಬ್ಬಣದ ಬ್ಯಾಂಡ್‌ಸೆಟ್ ನೆನಪಾಗುತ್ತದೆ. ಇಂಗ್ಲೆಂಡಿನಲ್ಲಿ ಅದರ ಸ್ಥಾನ ಬೇರೆ. ಗಿರಣಿ ಹಾಗೂ ಕಲ್ಲಿದ್ದಲು ಗಣಿಗಳ ಕಾರ್ಮಿಕರು ದಿನದ ದುಡಿಮೆ ಮುಗಿಸಿ ಅಭ್ಯಾಸ ಮಾಡಿ, ಊರಿನ ಮರ್ಯಾದೆಯನ್ನೇ ಪಣಕ್ಕಿಟ್ಟು ನುಡಿಸುತ್ತಿದ್ದ ಸಂಗೀತವದು. ಲಂಡನ್ನಿನ ಶ್ರೀಮಂತ ಸಂಗೀತ ಸಭೆಗಳಿಗೆ ಇದರ ಗೊಡವೆಯೇ ಇರಲಿಲ್ಲ. ಐಲ್ಸ್ ಮಾತ್ರ ಮಾರುಹೋದರು. ಬ್ಯಾಂಡ್ ವಾದಕರಿಗಾಗಿಯೇ ಪ್ರಕಟವಾಗುತ್ತಿದ್ದ ಬ್ರಿಟಿಷ್ ಬ್ಯಾಂಡ್ಸ್‌ಮನ್ ಪತ್ರಿಕೆಯನ್ನು ಕೊಂಡುಕೊಂಡರು.

1900ರ ಜನವರಿಯಲ್ಲಿ, ಬೋಯರ್ ಯುದ್ಧಕ್ಕೆ ಹೋದ ಸೈನಿಕರ ಕುಟುಂಬಗಳ ನೆರವಿಗೆಂದು ರಾಯಲ್ ಆಲ್ಬರ್ಟ್ ಹಾಲ್‌ನಲ್ಲಿ ಹಲವು ಬ್ಯಾಂಡ್‌ಗಳನ್ನು ಕೂಡಿಸಿ ಕಛೇರಿ ಏರ್ಪಡಿಸಿದರು. ಸಂಯೋಜಕ ಆರ್ಥರ್ ಸಲಿವನ್ ಅವರ ಬೆಂಬಲ ಸಿಕ್ಕಿತು. ಅದೇ ವರ್ಷ ಕ್ರಿಸ್ಟಲ್ ಪ್ಯಾಲೇಸ್‌ನಲ್ಲಿ ರಾಷ್ಟ್ರೀಯ ಬ್ರಾಸ್ ಬ್ಯಾಂಡ್ ಉತ್ಸವ ಆರಂಭವಾಯಿತು. ಉತ್ತರದ ಗಣಿ ಪಟ್ಟಣಗಳಿಂದ ವಿಶೇಷ ರೈಲುಗಳಲ್ಲಿ ಬಂದಿಳಿಯುತ್ತಿದ್ದ ವಾದಕರಿಗೂ ಅಭಿಮಾನಿಗಳಿಗೂ ವರ್ಷಕ್ಕೊಮ್ಮೆ ರಾಜಧಾನಿ ನೋಡುವ ನೆಪ ಅದಾಯಿತು.

ಇದೇ ಬ್ಯಾಂಡ್ ನಂಟು ಐಲ್ಸ್ ಅವರನ್ನು ಸಾಗರದಾಚೆಗೂ ಕರೆದೊಯ್ದಿತು. 20ನೇ ಶತಮಾನದ ಮೊದಲ ದಶಕದಲ್ಲಿ ಅಮೆರಿಕಕ್ಕೆ ಹೋದಾಗ ಅವರ ಕಣ್ಣು ಕಚೇರಿ ಸಭಾಂಗಣಗಳಿಗಿಂತ ನ್ಯೂಯಾರ್ಕಿನ ಕೋನಿ ಐಲ್ಯಾಂಡ್ ಮೇಲೆ ನೆಟ್ಟಿತು. ಲಾಮಾರ್ಕಸ್ ಥಾಂಪ್ಸನ್ ಎಂಬವರು 1884ರಲ್ಲಿ ಅಲ್ಲಿ ಐದು ಸೆಂಟ್ ಶುಲ್ಕದ ಜಾರುರೈಲನ್ನು ಆರಂಭಿಸಿ, ಬಳಿಕ ಅದನ್ನು ಸೀನಿಕ್ ರೈಲ್ವೆಯಾಗಿ ಬೆಳೆಸಿದ್ದರು. ಅದರ ಯುರೋಪಿನ ಹಕ್ಕುಗಳನ್ನು ಐಲ್ಸ್ ಪಡೆದು ತವರಿಗೆ ಮರಳಿದರು. 1907ರಲ್ಲಿ ಬ್ಲ್ಯಾಕ್‌ಪೂಲ್‌ನಲ್ಲಿ ಅಂಥದೊಂದು ರೈಲುಹಾದಿ ತಲೆಯೆತ್ತಿತು. ಆಮೇಲೆ ಇನ್ನೂ ಹಲವೆಡೆ.

ಈ ರೈಲಿನ ವೈಖರಿಯನ್ನು ತುಸು ವಿವರಿಸಬೇಕು. ಬೋಗಿಗಳಿಗೆ ಎಂಜಿನ್ ಇಲ್ಲ. ಉಕ್ಕಿನ ಹಗ್ಗವೊಂದು ಅವನ್ನು ದಿಬ್ಬದ ತುದಿಗೆ ಎಳೆದೊಯ್ದು ಬಿಡುತ್ತದೆ, ಮುಂದಿನದೆಲ್ಲ ಗುರುತ್ವಾಕರ್ಷಣೆಯ ಕೆಲಸ. ಇಂದಿನ ರೋಲರ್ ಕೋಸ್ಟರ್‌ಗಳಲ್ಲಿ ಹಳಿಯ ಅಡಿಭಾಗವನ್ನೂ ಹಿಡಿದಿರುವ ಗಾಲಿಗಳಿರುತ್ತವೆ, ಇದರಲ್ಲಿ ಇಲ್ಲ. ವೇಗ ಮಿತಿಮೀರದಂತೆ ನೋಡಿಕೊಳ್ಳಲು ಪ್ರಯಾಣಿಕರ ನಡುವೆಯೇ ಒಬ್ಬ ಬ್ರೇಕ್‌ಮನ್ ನಿಂತು, ಪ್ರತಿ ಇಳಿಜಾರಿನಲ್ಲೂ ಸನ್ನೆಕೋಲು ಎಳೆಯಬೇಕು. ಮಾರ್ಗೇಟ್ ಬಿಟ್ಟರೆ ಮೆಲ್ಬರ್ನ್‌ನ ಲೂನಾ ಪಾರ್ಕ್, ಕೋಪನ್‌ಹೇಗನ್ನಿನ ತಿವೋಲಿ ಮುಂತಾದ ಬೆರಳೆಣಿಕೆಯ ಕಡೆ ಮಾತ್ರ ಈ ಪದ್ಧತಿ ಉಳಿದು ಬಂದಿದೆ.

ಮೊದಲನೇ ಮಹಾಯುದ್ಧ ಮುಗಿದ ಬೆನ್ನಿಗೇ, 1919ರಲ್ಲಿ, ಐಲ್ಸ್ ಮಾರ್ಗೇಟಿನ ಹಳೆಯ ಹಾಲ್ ಬೈ ದ ಸೀ ಆವರಣವನ್ನು ಕೊಂಡರು. ಸರ್ಕಸ್ ಮಾಲೀಕ ಜಾರ್ಜ್ ಸ್ಯಾಂಗರ್ ಒಂದು ಕಾಲದಲ್ಲಿ ಪ್ರಾಣಿ ಸಂಗ್ರಹ ಇಟ್ಟುಕೊಂಡಿದ್ದ ಜಾಗವದು. ಕೋನಿ ಐಲ್ಯಾಂಡಿನಲ್ಲಿ 1911ರಲ್ಲಿ ಸುಟ್ಟು ಬೂದಿಯಾದ ಉದ್ಯಾನವೊಂದರ ಹೆಸರೇ ಇಲ್ಲಿಗೂ ಬಂತು: ಡ್ರೀಮ್‌ಲ್ಯಾಂಡ್. 1920ರ ಜುಲೈನಲ್ಲಿ ಸೀನಿಕ್ ರೈಲ್ವೆ ಓಡತೊಡಗಿತು. ಯುದ್ಧದ ನೋವುಂಡಿದ್ದ ಲಂಡನ್ ಜನ ರೈಲು ಹಿಡಿದು ಸಮುದ್ರಕ್ಕೆ ಬರುತ್ತಿದ್ದರು, ನಿಲ್ದಾಣದಿಂದ ನಾಲ್ಕು ಹೆಜ್ಜೆ ಇಟ್ಟರೆ ಡ್ರೀಮ್‌ಲ್ಯಾಂಡ್ ಸಿಗುತ್ತಿತ್ತು. ಅಂದ ಹಾಗೆ, ನಮ್ಮ ನವ್ಯ ಕವಿಗಳ ಮೇಲೆ ಗಾಢ ಪ್ರಭಾವ ಬೀರಿದ ಟಿ.ಎಸ್. ಎಲಿಯಟ್ 1921ರ ಶರತ್ಕಾಲದಲ್ಲಿ ಮನಸ್ಸಿನ ವಿಶ್ರಾಂತಿಗೆಂದು ಬಂದು, ದಿ ವೇಸ್ಟ್ ಲ್ಯಾಂಡ್ ಕಾವ್ಯದ ಒಂದು ಭಾಗವನ್ನು ಬರೆದದ್ದು ಇದೇ ಮಾರ್ಗೇಟಿನ ಕಡಲ ದಂಡೆಯಲ್ಲಿ. ಐಲ್ಸ್ ಅವರ ರೈಲಿಗೆ ಆಗ ಒಂದು ವರ್ಷ ತುಂಬಿತ್ತು.

ಮುಂದಿನ ಹದಿನೈದು ವರ್ಷ ಐಲ್ಸ್ ಮುಟ್ಟಿದ್ದೆಲ್ಲ ಚಿನ್ನವಾದಂತೆ ಕಂಡಿತು. ಬ್ರಾಸ್ ಬ್ಯಾಂಡಿನ ಹುಚ್ಚು ಹಿಡಿಸಿದ ಬೆಲ್ ವ್ಯೂ ಉದ್ಯಾನವೇ 1925ರಲ್ಲಿ ಅವರ ಕೈಗೆ ಬಂತು. ಉತ್ಸವದ ಸ್ಪರ್ಧೆಗಾಗಿ 1928ರಲ್ಲಿ ಗುಸ್ತಾವ್ ಹೋಲ್ಸ್ಟ್, 1930ರಲ್ಲಿ ಎಡ್ವರ್ಡ್ ಎಲ್ಗರ್ ಹೊಸ ಕೃತಿಗಳನ್ನು ರಚಿಸಿಕೊಟ್ಟರು. ಗಣಿ ಕಾರ್ಮಿಕರು ನುಡಿಸಲೆಂದು ದೇಶದ ಅಗ್ರಗಣ್ಯ ಸಂಯೋಜಕರು ಬರೆಯುವಂತಾದದ್ದು ಐಲ್ಸ್ ಅವರ ದೊಡ್ಡ ಸಾಧನೆ ಎನ್ನಲು ಅಡ್ಡಿಯಿಲ್ಲ. ರೈಲಿಗಿಂತಲೂ ದೊಡ್ಡದು.

1935ರಲ್ಲಿ ಡ್ರೀಮ್‌ಲ್ಯಾಂಡ್ ಮುಂಭಾಗದಲ್ಲಿ ಭವ್ಯ ಚಿತ್ರಮಂದಿರ ಎದ್ದು ನಿಂತಿತು. ಲೆದರ್ಟ್ ಮತ್ತು ಗ್ರ್ಯಾಂಜರ್ ಎಂಬ ವಾಸ್ತುಶಿಲ್ಪಿಗಳ ವಿನ್ಯಾಸವದು. ಮೀನಿನ ರೆಕ್ಕೆಯಂತೆ ಮೇಲೆದ್ದ ಅದರ ಗೋಪುರ ಇಂದಿಗೂ ಮಾರ್ಗೇಟಿನ ಗುರುತು. ಸ್ಯಾಮ್ ಮೆಂಡಿಸ್ ನಿರ್ದೇಶಿಸಿದ ಎಂಪೈರ್ ಆಫ್ ಲೈಟ್ (2022) ಚಿತ್ರ ನೋಡಿದವರಿಗೆ ಈ ಕಟ್ಟಡದ ಪರಿಚಯವಿದ್ದೀತು. ಚಿತ್ರಮಂದಿರ ಕಟ್ಟಿಸಿದ್ದಕ್ಕೆ ನಿಂತಿದ್ದರೆ ಚೆನ್ನಾಗಿತ್ತು. ಐಲ್ಸ್ ಚಲನಚಿತ್ರ ನಿರ್ಮಾಣಕ್ಕೂ ಹಣ ಸುರಿದರು, ಹಾಕಿದ ಹಣ ಮರಳಲಿಲ್ಲ. 1936ರ ನವೆಂಬರಿನಲ್ಲಿ ಕ್ರಿಸ್ಟಲ್ ಪ್ಯಾಲೇಸ್ ಬೆಂಕಿಗೆ ಆಹುತಿಯಾಗಿ ಬ್ಯಾಂಡ್ ಉತ್ಸವದ ನೆಲೆಯೂ ತಪ್ಪಿತು. 1938ರಲ್ಲಿ ನ್ಯಾಯಾಲಯ ಅವರನ್ನು ದಿವಾಳಿ ಎಂದು ಘೋಷಿಸಿದಾಗ ಅವರಿಗೆ 66 ವರ್ಷ ದಾಟಿತ್ತು. ಡ್ರೀಮ್‌ಲ್ಯಾಂಡ್ ಹೊಣೆ ಪುತ್ರ ಎರಿಕ್ ಹೆಗಲೇರಿತು. 1951ರ ಮೇ 29ರಂದು, ಮಾರ್ಗೇಟಿಗೆ ಕೆಲವೇ ಮೈಲಿ ದೂರದ ಬರ್ಚಿಂಗ್‌ಟನ್‌ನಲ್ಲಿ ಐಲ್ಸ್ ಕೊನೆಯುಸಿರೆಳೆದರು.

ಆಮೇಲಿನದು ಬ್ರಿಟನ್ನಿನ ಬಹುತೇಕ ಕಡಲತೀರದ ಪಟ್ಟಣಗಳ ಕಥೆಯೇ. ಅಗ್ಗದ ವಿಮಾನ ಪ್ರವಾಸ ಬಂತು, ಜನ ಸ್ಪೇನಿನ ಬಿಸಿಲಿಗೆ ಹಾರಿದರು. ಡ್ರೀಮ್‌ಲ್ಯಾಂಡ್ ಹಲವು ಕೈ ಬದಲಾಯಿತು. 2002ರಲ್ಲಿ ಸೀನಿಕ್ ರೈಲ್ವೆ ಸಂರಕ್ಷಿತ ಪಟ್ಟಿಗೆ ಸೇರಿತು. ಮರುವರ್ಷವೇ ಉದ್ಯಾನ ಮುಚ್ಚಿ ಬೇರೆ ಕಟ್ಟಡಗಳು ಬರಲಿವೆ ಎಂಬ ಸುದ್ದಿ ಹಬ್ಬಿತು. ಆಗ ಹುಟ್ಟಿಕೊಂಡದ್ದು ಸೇವ್ ಡ್ರೀಮ್‌ಲ್ಯಾಂಡ್ ಆಂದೋಲನ. ಊರಿನವರು, ಬಾಲ್ಯದ ರಜೆಗಳನ್ನು ಇಲ್ಲಿ ಕಳೆದವರು, ಹಳೆಯ ಆಟದ ಯಂತ್ರಗಳ ಮೋಹಿಗಳು ಸೇರಿದರು. ಉದ್ಯಾನ ಮುಚ್ಚಿತು, ಆಟದ ಯಂತ್ರಗಳು ಒಂದೊಂದಾಗಿ ತೆರಳಿದವು. ಸಂರಕ್ಷಿತ ಎಂಬ ಒಂದೇ ಕಾರಣಕ್ಕೆ ಮರದ ರೈಲುಹಾದಿ ಮಾತ್ರ ಖಾಲಿ ಬಯಲಿನಲ್ಲಿ ಉಳಿಯಿತು. 2008ರ ಏಪ್ರಿಲ್ 7ರಂದು ಅದಕ್ಕೂ ಬೆಂಕಿ ಬಿತ್ತು. ಸುಮಾರು ಕಾಲುಭಾಗ ಸುಟ್ಟುಹೋಯಿತು, ಬೋಗಿಗಳೂ ನಾಶವಾದವು.

ಹೋರಾಟಗಾರರು ಕೈಚೆಲ್ಲಬಹುದಾಗಿತ್ತು. ಬದಲಿಗೆ, ಹಳೆಯ ಆಟಗಳನ್ನೇ ಕೂಡಿಸಿ ಪಾರಂಪರಿಕ ಉದ್ಯಾನವನ್ನಾಗಿ ತೆರೆಯುವ ಯೋಜನೆ ರೂಪಿಸಿದರು. ಇಂಗ್ಲೆಂಡಿನ ಸೌತ್‌ಪೋರ್ಟ್, ವೇಲ್ಸ್‌ನ ರಿಲ್ ಮುಂತಾದೆಡೆ ಮುಚ್ಚಿಹೋದ ಉದ್ಯಾನಗಳ ಯಂತ್ರಗಳನ್ನು ಗುಜರಿಗೆ ಹೋಗುವ ಮುನ್ನವೇ ತಂದಿಟ್ಟರು. 2009ರಲ್ಲಿ ಸರ್ಕಾರದಿಂದ 37 ಲಕ್ಷ ಪೌಂಡ್ ನೆರವು ಘೋಷಣೆಯಾಯಿತು. 2011ರಲ್ಲಿ ರೈಲುಹಾದಿಯ ಸಂರಕ್ಷಣೆಯ ದರ್ಜೆಯೂ ಏರಿತು. ಕಾನೂನು ಜಗ್ಗಾಟ ಮುಗಿದು 2013ರಲ್ಲಿ ಥಾನೆಟ್ ಜಿಲ್ಲಾ ಮಂಡಳಿ ಕಡ್ಡಾಯ ಸ್ವಾಧೀನದ ಮೂಲಕ ಆವರಣವನ್ನು ವಶಕ್ಕೆ ತೆಗೆದುಕೊಂಡಿತು.

ಹೊಸ ತೊಲೆಗಳು ಬಂದ ಮೇಲೆ ಅದು ಐಲ್ಸ್ ಕಟ್ಟಿಸಿದ ರೈಲೇ ಹೌದೇ ಎಂಬ ಪ್ರಶ್ನೆ ಸಹಜ. ಆದರೆ ಮರದ ರೈಲುಹಾದಿ ಉಳಿಯುವುದೇ ಹಾಗೆ. ಹಳೆಯ ಹಲಗೆ ತೆಗೆದು ಹೊಸದು ಜೋಡಿಸುವ ಕೆಲಸ ಐಲ್ಸ್ ಕಾಲದಲ್ಲೂ ನಿಂತಿರಲಿಲ್ಲ. ಉಳಿಸಬೇಕಾದದ್ದು ಹಾದಿಯ ಆಕಾರ, ಎಳೆಯುವ ಹಗ್ಗ, ಬ್ರೇಕ್‌ಮನ್‌ನ ಸನ್ನೆಕೋಲು. ಅವೆಲ್ಲ ಉಳಿದವು.

2015ರ ಜೂನ್ 19ರಂದು ಡ್ರೀಮ್‌ಲ್ಯಾಂಡ್ ಮತ್ತೆ ತೆರೆಯಿತು. ಸೀನಿಕ್ ರೈಲ್ವೆ ಮಾತ್ರ ಆ ದಿನಕ್ಕೆ ಸಿದ್ಧವಾಗಿರಲಿಲ್ಲ, ಅಕ್ಟೋಬರ್‌ವರೆಗೆ ಕಾಯಬೇಕಾಯಿತು. ಮುಖ್ಯ ಆಕರ್ಷಣೆಯೇ ಇಲ್ಲದೆ ಕಳೆದ ಆ ಬೇಸಿಗೆ ದುಬಾರಿಯಾಯಿತು. ಉದ್ಯಾನ ನಡೆಸುತ್ತಿದ್ದ ಕಂಪೆನಿ ಸಾಲದ ಸುಳಿಗೆ ಸಿಲುಕಿ 2016ರ ಮೇ ತಿಂಗಳಲ್ಲಿ ಆಡಳಿತಾಧಿಕಾರಿಗಳ ಕೈ ಸೇರಿತು. ಹೊಸ ಬಂಡವಾಳ ಬಂದು 2017ರಲ್ಲಿ ಮರುಚಾಲನೆ ದೊರೆಯಿತು. ಆ ವರ್ಷದ ಜೂನ್‌ನಲ್ಲಿ ಗೊರಿಲ್ಲಾಜ್ ತಂಡ ತನ್ನ ಸಂಗೀತೋತ್ಸವವನ್ನು ನಡೆಸಿದ್ದು ಇಲ್ಲಿಯೇ. ಐಲ್ಸ್ ಹೆಸರಿನ ಪದಕವೊಂದಿದೆ, ಅದನ್ನು ಲಂಡನ್ನಿನ ಸಂಗೀತಗಾರರ ಸಂಘ ಬ್ರಾಸ್ ಬ್ಯಾಂಡ್ ಸೇವೆಗಾಗಿ ನೀಡುತ್ತದೆ.