ಗ್ಯಾಸ್ಟನ್ ಪ್ಲಾಂಟೆ

ಮಕ್ಕಳೇ, ನೀರಮಾನ್ವಿಯಲ್ಲಿ ಕರೆಂಟು ಹೋದಾಗ ಇನ್ವರ್ಟರಿನಿಂದ ದೀಪ ಉರಿಯುವುದನ್ನು ನೋಡಿದ್ದೀರಲ್ಲವೇ? ಅದಕ್ಕೆ ಜೋಡಿಸುವ ಸೀಸದ ಬ್ಯಾಟರಿಯನ್ನು ಮೊದಲು ತಯಾರಿಸಿದವರು ಗ್ಯಾಸ್ಟನ್ ಪ್ಲಾಂಟೆ. ಇವರು 1834ರಲ್ಲಿ ಫ್ರಾನ್ಸ್ ದೇಶದ ಓರ್ತೇಜ್‌ನಲ್ಲಿ ಜನಿಸಿದರು. 1855ರಲ್ಲಿ ಪ್ಯಾರಿಸ್ ಬಳಿ ದೈತ್ಯ ಹಕ್ಕಿಯೊಂದರ ಪಳೆಯುಳಿಕೆಯನ್ನೂ ಪತ್ತೆಹಚ್ಚಿದರು! ಆ ಹಕ್ಕಿಗೆ ಗ್ಯಾಸ್ಟೋರ್ನಿಸ್ ಎಂದು ಇವರದೇ ಹೆಸರು ಬಂತು.

1859ರಲ್ಲಿ ಪ್ಲಾಂಟೆ ಎರಡು ಸೀಸದ ತಗಡುಗಳ ನಡುವೆ ಬಟ್ಟೆಯಿಟ್ಟು, ಚಾಪೆಯಂತೆ ಸುತ್ತಿ, ನೀರು ಬೆರೆಸಿದ ಸಲ್ಫ್ಯೂರಿಕ್ ಆಮ್ಲದಲ್ಲಿ ಮುಳುಗಿಸಿದರು. ಈ ಕೋಶ ಖಾಲಿಯಾದರೆ ಮತ್ತೆ ಚಾರ್ಜ್ ಮಾಡಬಹುದಿತ್ತು. 1860ರಲ್ಲಿ ಇಂಥ 9 ಕೋಶಗಳನ್ನು ಸಮಾಂತರವಾಗಿ ಜೋಡಿಸಿ ಹೆಚ್ಚು ವಿದ್ಯುತ್ ಪ್ರವಾಹ ಪಡೆದರು. ಒಂದು ಕೋಶದಿಂದ ಸಿಗುವುದು ಸುಮಾರು 2 ವೋಲ್ಟ್ ಮಾತ್ರ. ಹಾಗಾಗಿ ಮುಂದೆ 800 ಕೋಶಗಳನ್ನು ಸರಣಿಯಲ್ಲಿಯೂ ಜೋಡಿಸಿದರು.

ಪದೇ ಪದೇ ಚಾರ್ಜ್ ಮಾಡಿ ಬಳಸಿದ ಕೋಶದ ಸಾಮರ್ಥ್ಯ ಹೆಚ್ಚುವುದನ್ನು ಅವರು ಗಮನಿಸಿದರು. ಅಂದರೆ ನೋಡಲು ಒಂದೇ ತರಹ ಇದ್ದರೂ ಹೊಸ ಕೋಶ, ಬಳಸಿದ ಕೋಶ ಸಮಾನವಲ್ಲ. ಇಂದಿನ ಬ್ಯಾಟರಿಗಳಲ್ಲಿ ಇದು ತಿರುಗುಮುರುಗು: ಹಳೆಯದಾದಂತೆ ಸಾಮರ್ಥ್ಯ ಕುಗ್ಗುತ್ತದೆ. ಹಳೆಯದನ್ನೂ ಹೊಸದನ್ನೂ ಸರಣಿಯಲ್ಲಿ ಜೋಡಿಸಿದರೆ ಹಳೆಯದು ಬೇಗ ತುಂಬುತ್ತದೆ. ಆದರೆ ಹೊಸದು ತುಂಬುವವರೆಗೆ ಪ್ರವಾಹ ನಿಲ್ಲದು. ಆಗ ಹಳೆಯದು ಬಿಸಿಯಾಗಿ ಜಲಜನಕ ಅನಿಲ ಹೊರಬರುತ್ತದೆ. ಕಿಡಿ ತಗುಲಿದರೆ ಸ್ಫೋಟ! ಮನೆಯಲ್ಲಿ ಎರಡನೇ ಬ್ಯಾಟರಿ ತರುವ ಮಾತು ಬಂದರೆ ದೊಡ್ಡವರಿಗೆ ಇದನ್ನು ಹೇಳಿ: ಎರಡೂ ಒಂದೇ ಬಗೆಯವು, ಒಂದೇ ಸಾಮರ್ಥ್ಯದವು, ಒಟ್ಟಿಗೇ ಕೊಂಡವು ಆಗಿರಬೇಕು.

ಪ್ಲಾಂಟೆ 1889ರಲ್ಲಿ ನಿಧನರಾದರು. ಆ ವೇಳೆಗೆ ಫೋರ್ ಎಂಬ ಇನ್ನೊಬ್ಬ ಫ್ರೆಂಚ್ ವಿಜ್ಞಾನಿ ತಗಡುಗಳಿಗೆ ಸೀಸದ ಆಕ್ಸೈಡಿನ ಲೇಪನ ಹಚ್ಚಿ, ಅವರ ಬ್ಯಾಟರಿಯನ್ನು ಇನ್ನಷ್ಟು ಸುಧಾರಿಸಿದ್ದರು.