ಹತ್ತು ರೊಟ್ಟಿ, ಹತ್ತು ಜಪ

ಮಕ್ಕಳೇ, ಈ ಸಂಚಿಕೆಯಲ್ಲಿ ನಿಮಗೆ ನನ್ನ ಆಯಿಯನ್ನು ಪರಿಚಯಿಸುತ್ತೇನೆ. ಕಲಬುರಗಿ ಸೀಮೆಯಲ್ಲಿ ಅಜ್ಜಿಗೆ ಆಯಿ ಎನ್ನುತ್ತೇವೆ. ಆಯಿಯ ಹೆಸರು ಯಾವ ಪುಸ್ತಕದಲ್ಲೂ ಸಿಗುವುದಿಲ್ಲ. ಆದರೆ ದೇವರ ಜೊತೆ ದಿನವಿಡೀ ಬದುಕುವುದು ಹೇಗೆ ಎಂಬುದನ್ನು ನಾನು ಮೊದಲು ಕಲಿತದ್ದು ಅವಳ ಒಲೆಯ ಮುಂದೆ.

ನಮ್ಮೂರು ಚಿಮ್ಮನಚೋಡ. ಕಲಬುರಗಿ ಜಿಲ್ಲೆಯ ಚಿಂಚೋಳಿ ತಾಲ್ಲೂಕಿನಲ್ಲಿ, ಮುಲ್ಲಾಮಾರಿ ನದಿಯ ಸೀಮೆಯಲ್ಲಿದೆ. ನಿಮ್ಮ ಮನೆಯ ಸಾರಿಗೆ ಬೀಳುವ ತೊಗರಿ ಬೇಳೆ ಇದೆಯಲ್ಲ, ಅದು ನಮ್ಮ ನೆಲದ ಹೆಮ್ಮೆಯ ಬೆಳೆ. ಗುಲ್ಬರ್ಗಾ ತೊಗರಿಗೆ 2019ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆಯೂ ಸಿಕ್ಕಿದೆ. ಆಯಿಯ ತವರು ರಾಯಚೂರು ಜಿಲ್ಲೆಯ ಮುದಗಲ್. ಕೋಟೆಗೆ ಹೆಸರಾದ ಆ ಊರಲ್ಲಿ ಆದಿಲ್‌ಶಾಹಿ ಕಾಲದಿಂದಲೂ ಕಥೋಲಿಕ ಕ್ರೈಸ್ತರ ಮನೆಗಳಿವೆ. ಮದುವೆಯಾಗಿ ಚಿಮ್ಮನಚೋಡಕ್ಕೆ ಬಂದಾಗ ಆಯಿ ಟ್ರಂಕಿನಲ್ಲಿ ಎರಡು ಸೀರೆಯ ನಡುವೆ ಒಂದು ಜಪಸರ ತಂದಿದ್ದಳು. ಕಪ್ಪು ಮರದ ಮಣಿಗಳು. ಬೆರಳು ಸವರಿ ಸವರಿ ಹೊಳಪು ಬಂದಿತ್ತು.

ಜಪಸರ ಎಂದರೆ ಎಣಿಸಿ ಪ್ರಾರ್ಥಿಸುವ ಮಾಲೆ. ಹತ್ತು ಮಣಿಗಳ ಐದು ಗುಂಪು, ಕೊನೆಗೆ ಒಂದು ಶಿಲುಬೆ. ಗುಂಪಿನ ಮೊದಲಿಗೆ ಯೇಸು ತನ್ನ ಶಿಷ್ಯರಿಗೆ ಕಲಿಸಿದ ಪ್ರಾರ್ಥನೆ, ಆಮೇಲೆ ಮಣಿಗೊಂದು ನಮೋ ಮರಿಯಾ, ಅಂದರೆ ಯೇಸುವಿನ ತಾಯಿ ಮರಿಯಮ್ಮನನ್ನು ನೆನೆಯುವ ಜಪ. ಬಾಯಿ ಜಪ ಹೇಳುತ್ತಿರುವಾಗ ಮನಸ್ಸು ಯೇಸುವಿನ ಬದುಕಿನ ಒಂದೊಂದು ಘಟನೆಯನ್ನು ನೆನೆಯುತ್ತದೆ: ಸೋಮವಾರ ಹುಟ್ಟು, ಬಾಲ್ಯದ ಸಂತೋಷ, ಶುಕ್ರವಾರ ಶಿಲುಬೆಯ ನೋವು, ಭಾನುವಾರ ಪುನರುತ್ಥಾನದ ಮಹಿಮೆ. ಓದು ಬಾರದವರಿಗೂ ಅದು ಬೆರಳ ತುದಿಯಲ್ಲಿರುವ ಶುಭಸಂದೇಶ. ಅಕ್ಟೋಬರ್ ಪೂರ್ತಿ ಜಪಸರದ ತಿಂಗಳು. ನಾವು ದಸರಾ ರಜೆಗೆ ಊರಿಗೆ ಹೋಗುತ್ತಿದ್ದುದೂ ಆಗಲೇ.

ಸಂಜೆ ಆಯಿ ಜೋಳದ ರೊಟ್ಟಿ ಬಡಿಯುತ್ತಿದ್ದಳು. ಹಿಟ್ಟಿಗೆ ಬಿಸಿನೀರು ಹಾಕಿ ನಾದಿ, ಉಂಡೆ ಮಾಡಿ, ಎರಡೂ ಅಂಗೈಯಿಂದ ತಟ್ಟುತ್ತ ತಟ್ಟುತ್ತ ಹಿಗ್ಗಿಸುವಳು. ಆ ಪಟ ಪಟ ಸದ್ದಿನ ಜೊತೆ ತುಟಿಯೂ ಅಲ್ಲಾಡುತ್ತಿತ್ತು. ಒಂದು ದಿನ ನಾನು ಕೇಳಿದೆ: "ಆಯಿ, ಏನ್ ಮಾತಾಡ್ತಿ ರೊಟ್ಟಿ ಕೂಡ?"

"ರೊಟ್ಟಿ ಕೂಡ ಅಲ್ಲ ಮಗಾ, ದೇವರ ಕೂಡ. ಕೈ ಹಿಟ್ಟಾಗ ಅವ, ಸರ ಹಿಡಿಲಿಕ್ಕೆ ಬರಲ್ಲ. ಅದಕ್ಕ ರೊಟ್ಟಿನೇ ಮಣಿ."

ಒಂದು ರೊಟ್ಟಿಗೆ ಒಂದು ನಮೋ ಮರಿಯಾ. ಹತ್ತು ರೊಟ್ಟಿ ಬುಟ್ಟಿಗೆ ಬಿದ್ದರೆ ಜಪಸರದ ಒಂದು ಗುಂಪು ಮುಗಿಯಿತು. ಒಂದೊಂದು ರೊಟ್ಟಿಯ ಜಪ ಒಬ್ಬೊಬ್ಬರ ಹೆಸರಿಗೆ. ಹೊಲದಲ್ಲಿದ್ದ ಅಜ್ಜನಿಗೆ ಒಂದು, ವಾಡಿಯ ಸಿಮೆಂಟ್ ಕಾರ್ಖಾನೆಯಲ್ಲಿ ಪಾಳಿ ಮಾಡುತ್ತಿದ್ದ ಕಾಕಾನಿಗೆ ಒಂದು, ಹೆರಿಗೆಗೆ ಬಂದಿದ್ದ ಪಕ್ಕದ ಮನೆಯ ಮಗಳಿಗೆ ಒಂದು. ಹಿಂದಿನ ದಿನ ನೀರಿನ ಸರದಿಗೆ ಆಯಿಯ ಜೊತೆ ಜಗಳವಾಡಿದ್ದ ಹೆಂಗಸಿಗೂ ಒಂದು! ನಾನು ಮುಖ ಸಿಂಡರಿಸಿದೆ. "ಜಗಳ ಆಡಿದವರಿಗೇ ಮೊದಲು ಬೇಕಾಗ್ತದ," ಎಂದಳು ಆಯಿ, ಹಂಚಿನ ಮೇಲಿನ ರೊಟ್ಟಿ ತಿರುವುತ್ತ.

ಆಯಿ ಹುಡುಗಿಯಾಗಿದ್ದಾಗ ಚರ್ಚಿನ ಬಲಿಪೂಜೆ ಲ್ಯಾಟಿನ್ ಭಾಷೆಯಲ್ಲಿ ನಡೆಯುತ್ತಿತ್ತು. 1962ರಿಂದ 1965ರವರೆಗೆ ರೋಮಿನಲ್ಲಿ ಸೇರಿದ್ದ ಎರಡನೇ ವ್ಯಾಟಿಕನ್ ಮಹಾಸಭೆಯ ನಂತರವೇ ಪೂಜೆಗೆ ಕನ್ನಡ ಬಂದದ್ದು. ಮನೆಯ ಜಪ ಮಾತ್ರ ಅದಕ್ಕೂ ಮೊದಲೇ ಕನ್ನಡದ್ದು. 17ನೇ ಶತಮಾನದಲ್ಲಿ ಶ್ರೀರಂಗಪಟ್ಟಣಕ್ಕೆ ಬಂದ, ಯೇಸುಸಭೆ ಎಂಬ ಕಥೋಲಿಕ ಸಂಘಕ್ಕೆ ಸೇರಿದ ಇಟಲಿಯ ಗುರು ಲಿಯೊನಾರ್ಡೊ ಚಿನ್ನಮಿ ಕನ್ನಡ ಕಲಿತು, ಕನ್ನಡದಲ್ಲೇ ಧರ್ಮೋಪದೇಶ ಬರೆದರು. ಮನಸ್ಸು ಯಾವ ಭಾಷೆಯಲ್ಲಿ ಅಳುತ್ತದೋ ನಗುತ್ತದೋ, ಪ್ರಾರ್ಥನೆಯೂ ಆ ಭಾಷೆಯಲ್ಲಿ ಬೇರು ಬಿಡುತ್ತದೆ.

ನಮ್ಮ ಗೋಡೆಯ ಮೇಲೆ ಗುಲಾಬಿ ಹಿಡಿದ ಒಬ್ಬ ಸನ್ಯಾಸಿನಿಯ ಚಿತ್ರವಿತ್ತು. ಬಾಲಯೇಸುವಿನ ಸಂತ ತೆರೇಸಾ. ಅವಳ ಹಬ್ಬ ಅಕ್ಟೋಬರ್ 1. ಫ್ರಾನ್ಸಿನಲ್ಲಿ 1873ರಲ್ಲಿ ಹುಟ್ಟಿದ ಈಕೆ 15ನೇ ವಯಸ್ಸಿಗೆ ಮಠ ಸೇರಿ, 24ನೇ ವಯಸ್ಸಿಗೆ ಕ್ಷಯರೋಗದಿಂದ ತೀರಿಕೊಂಡಳು. ಮಠದಲ್ಲಿ ಬಟ್ಟೆ ಒಗೆಯುವಾಗ ಎದುರಿಗಿದ್ದ ಸೋದರಿ ಪ್ರತಿ ಸಲವೂ ಕೊಳೆನೀರನ್ನು ಇವಳ ಮುಖಕ್ಕೆ ಸಿಡಿಸುತ್ತಿದ್ದಳು. ಹಿಂದೆ ಸರಿದು ಮುಖ ಒರೆಸಿಕೊಳ್ಳಬೇಕು ಅನ್ನಿಸಿತು. ಆದರೂ ತೆರೇಸಾ ಮುಖ ಗಂಟಿಕ್ಕದೆ ನಿಂತಳು, ಆ ಸಹನೆಯನ್ನೇ ದೇವರಿಗೆ ಕಾಣಿಕೆ ಕೊಟ್ಟಳು. ದೊಡ್ಡ ಸಾಹಸ ಮಾಡಲಾಗದವರು ಸಣ್ಣ ಕೆಲಸವನ್ನು ದೊಡ್ಡ ಪ್ರೀತಿಯಿಂದ ಮಾಡಬಹುದು ಎಂಬುದೇ ಅವಳ 'ಪುಟ್ಟ ದಾರಿ'. ಮಠದೊಳಗೇ ಬಾಳು ಕಳೆದ ಅವಳನ್ನು 1925ರಲ್ಲಿ ಸಂತಳೆಂದು ಘೋಷಿಸಿದರು. 1927ರಲ್ಲಿ ದೇಶದೇಶ ಸುತ್ತುವ ಧರ್ಮಪ್ರಚಾರಕರಿಗೆಲ್ಲ ಪಾಲಕಿ ಎಂದರು. ರೊಟ್ಟಿ ಬಡಿಯುವ ಆಯಿಗೆ ಅವಳು ಯಾಕೆ ಅಷ್ಟು ಹತ್ತಿರದವಳಾಗಿದ್ದಳು ಎಂದು ನನಗೆ ಈಗ ತಿಳಿಯುತ್ತದೆ.

ರಾತ್ರಿ ಮಲಗುವ ಮುಂಚೆ ಆಯಿ ಮೂರು ಪ್ರಶ್ನೆ ಕೇಳುತ್ತಿದ್ದಳು. ಇವತ್ತು ದೇವರು ಏನು ಕೊಟ್ಟ? ಎಲ್ಲಿ ತಪ್ಪಿದಿ? ನಾಳೆ ಏನು ಮಾಡ್ತಿ? ಇಂಥ ಆತ್ಮಶೋಧನೆಯನ್ನು ಯೇಸುಸಭೆಯ ಸ್ಥಾಪಕ ಸಂತ ಇಗ್ನೇಷಿಯಸ್ 16ನೇ ಶತಮಾನದಲ್ಲೇ ಕಲಿಸಿದ್ದರು. ಒಂದು ರಾತ್ರಿ ಎರಡನೇ ಪ್ರಶ್ನೆಗೆ ನನ್ನ ಬಾಯಿ ಕಟ್ಟಿತು. ಮಧ್ಯಾಹ್ನ ನೆರೆಯವರ ಗಿಡದಿಂದ ಸೀತಾಫಲ ಕದ್ದಿದ್ದೆ. ಆಯಿ ಬೈಯಲಿಲ್ಲ. ಮೂರನೇ ಪ್ರಶ್ನೆ ಕೇಳಿ ಕಾದಳು. ಬೆಳಿಗ್ಗೆ ನಡುಗುತ್ತ ಹೋಗಿ ಒಪ್ಪಿಕೊಂಡೆ. "ಕೇಳಿದ್ರ ಬ್ಯಾಡ ಅಂತಿದ್ದೆ ಏನು?" ಎಂದರು ಆ ಮನೆಯ ಅಜ್ಜ. ವಾಪಸ್ಸು ಬರುವಾಗ ನನ್ನ ಕೈ ಖಾಲಿಯೇ ಇತ್ತು, ಎದೆ ಮಾತ್ರ ಹಗುರವಾಗಿತ್ತು. ಪ್ರಾರ್ಥನೆ ಚಾಪೆಯ ಮೇಲೆ ಮುಗಿಯುವುದಿಲ್ಲ, ಮರುದಿನ ಕಾಲಿಗೆ ಕೆಲಸ ಹೇಳುತ್ತದೆ ಎಂದು ಅವತ್ತು ಗೊತ್ತಾಯಿತು.

2005ರಲ್ಲಿ ಕಲಬುರಗಿ, ಬೀದರ್, ವಿಜಯಪುರದ ಕಥೋಲಿಕರಿಗಾಗಿ ಗುಲ್ಬರ್ಗಾ ಧರ್ಮಕ್ಷೇತ್ರ ರಚನೆಯಾಯಿತು. ರಾಬರ್ಟ್ ಮೈಕೆಲ್ ಮಿರಾಂದ ಅದರ ಮೊದಲ ಧರ್ಮಾಧ್ಯಕ್ಷರಾದರು. ನಮ್ಮ ಸೀಮೆಯ ವಿಶ್ವಾಸಕ್ಕೆ ಅದೊಂದು ದೊಡ್ಡ ಆಸರೆ. ಆದರೆ ಆಸರೆ ಬರುವ ಮುಂಚೆ ಎಷ್ಟೋ ವರ್ಷ ಆ ವಿಶ್ವಾಸವನ್ನು ಕಾದವರು ಆಯಿಯಂಥ ಹೆಂಗಸರು, ಅಡುಗೆಮನೆಗಳಲ್ಲಿ.

ಇದನ್ನು ಓದುವವರಲ್ಲಿ ಎಲ್ಲ ಧರ್ಮದ ಮಕ್ಕಳಿದ್ದೀರಿ. ಚಿಮ್ಮನಚೋಡದ ನಮ್ಮ ಓಣಿಯೂ ಹಾಗೇ ಇತ್ತು: ಒಂದು ಮನೆಯಲ್ಲಿ ಇಷ್ಟಲಿಂಗ ಪೂಜೆ, ಇನ್ನೊಂದರಲ್ಲಿ ನಮಾಜ್. ನಿಮ್ಮ ಮನೆಯ ಪ್ರಾರ್ಥನೆ ಯಾವುದೇ ಇರಲಿ, ಈ ವಾರ ದಿನಕ್ಕೊಂದು ಸಣ್ಣ ಕೆಲಸ ಆರಿಸಿ. ಹಾಸಿಗೆ ಮಡಚುವುದಿರಲಿ, ತಟ್ಟೆ ತೊಳೆಯುವುದಿರಲಿ, ಮಾಡುವಾಗ ಒಬ್ಬರ ಹೆಸರು ನೆನೆದು ಅವರಿಗೆ ಒಳ್ಳೆಯದು ಬೇಡಿ. ನಿಮ್ಮ ಜೊತೆ ಜಗಳವಾಡಿದವರನ್ನು ಮರೆಯಬೇಡಿ.

ನನಗೆ ಇಂದಿಗೂ ರೊಟ್ಟಿ ದುಂಡಗೆ ಬಡಿಯಲು ಬರುವುದಿಲ್ಲ. ಅಂಚು ಬಿರಿಯುತ್ತದೆ. ಆದರೂ ಭಾನುವಾರ ಹಿಟ್ಟು ನಾದಿ ಕೂರುತ್ತೇನೆ. ಹತ್ತು ರೊಟ್ಟಿ, ಹತ್ತು ಹೆಸರು. ಮೊದಲನೆಯದು ಆಯಿಗೆ.