ಕಲಿತವರೇ ಕಲಿಸುವ ಶಾಲೆ: ಗಾನಯೋಗಿ ಪಂಚಾಕ್ಷರ ಗವಾಯಿಗಳು

ಆದೋನಿ, ಆಸ್ಪರಿಗಳ ಮೂಲಕ ಹಾದುಹೋಗುವ ರೈಲುಹಾದಿಯು ಗುಂತಕಲ್ಲಿನಲ್ಲಿ ಬಳ್ಳಾರಿ, ಹೊಸಪೇಟೆಗಳ ಕಡೆಗೆ ಹೋಗುವ ಹಾದಿಯನ್ನು ಕೂಡುತ್ತದೆ. ಆ ಹಾದಿ ಹಿಡಿದು ಪಶ್ಚಿಮಕ್ಕೆ ಸಾಗಿದರೆ ಕೊಪ್ಪಳವನ್ನು ದಾಟಿ ಗದಗ ಸಿಗುತ್ತದೆ. ಗದುಗಿನ ವೀರನಾರಾಯಣನ ಗುಡಿಯನ್ನು ಕುಮಾರವ್ಯಾಸನ ಕಾರಣದಿಂದ ಕನ್ನಡ ವಿದ್ಯಾರ್ಥಿಗಳೆಲ್ಲರೂ ಬಲ್ಲರು. ಅದೇ ಊರಿನಲ್ಲಿರುವ ವೀರೇಶ್ವರ ಪುಣ್ಯಾಶ್ರಮವೂ ಅಷ್ಟೇ ಆದರದಿಂದ ನೋಡಬೇಕಾದ ಸ್ಥಳ. ಅಂಧರೂ ಅನಾಥರೂ ಬಡವರೂ ಆದ ಮಕ್ಕಳಿಗೆ ಅನ್ನ, ವಸತಿಗಳ ಜೊತೆಗೆ ಸಂಗೀತವಿದ್ಯೆಯನ್ನು ಕೊಡುತ್ತ ಬಂದಿರುವ ಈ ಸಂಸ್ಥೆಯ ಹಿಂದೆ ಸ್ವತಃ ಹುಟ್ಟುಗುರುಡರಾಗಿದ್ದ ಒಬ್ಬ ಸಂಗೀತಗಾರರ ಬಾಳಿದೆ. ಅವರೇ ಗಾನಯೋಗಿ ಪಂಚಾಕ್ಷರ ಗವಾಯಿಗಳು.

ಗವಾಯಿಗಳು ಜನಿಸಿದ್ದು 1892ರ ಫೆಬ್ರವರಿ 2ರಂದು, ಹಾನಗಲ್ಲ ಸೀಮೆಯ ಕಾಡಶೆಟ್ಟಿಹಳ್ಳಿಯಲ್ಲಿ. ತಂದೆ ಗುರುಪಾದಯ್ಯ ಚರಂತಿಮಠ, ತಾಯಿ ನೀಲಮ್ಮ. ಮಗುವಿಗೆ ಇಟ್ಟ ಹೆಸರು ಗದಿಗೆಯ್ಯ. ಗದಿಗೆಯ್ಯನಿಗೂ ಅವನ ಸಹೋದರ ಗುರುಬಸಯ್ಯನಿಗೂ ಹುಟ್ಟಿನಿಂದಲೇ ದೃಷ್ಟಿಯಿರಲಿಲ್ಲ. ಒಕ್ಕಲುತನವೇ ಜೀವನಾಧಾರವಾಗಿದ್ದ ಹಳ್ಳಿಯಲ್ಲಿ ಕಣ್ಣಿಲ್ಲದ ಮಕ್ಕಳ ಮುಂದಿನ ಬಾಳು ಹೇಗೆಂಬುದು ಯಾವ ತಂದೆತಾಯಿಯನ್ನಾದರೂ ಕಂಗೆಡಿಸುವ ಚಿಂತೆ. ಅಂಧರಿಗಾಗಿ ಶಾಲೆಗಳೆಂಬುವು ಆಗ ದೇಶದಲ್ಲಿ ಹೊಸದಾಗಿ ಹುಟ್ಟಿಕೊಳ್ಳುತ್ತಿದ್ದವು. ಅಮೃತಸರದಲ್ಲಿ ಅಂಥ ಮೊದಲ ಶಾಲೆ ತೆರೆದದ್ದು 1887ರಲ್ಲಿ. ಹಾನಗಲ್ಲಿನ ಹಳ್ಳಿಗಳಿಗೆ ಅದರ ಸುದ್ದಿ ತಲಪುವುದಂತೂ ದೂರದ ಮಾತು. ಕುರುಡನಾದವನು ಪರರ ಮನೆಯ ಬಾಗಿಲಲ್ಲಿ ಕೈಯೊಡ್ಡಿ ಬದುಕಬೇಕೆಂಬುದನ್ನು ಜನ ವಿಧಿಯೆಂದೇ ನಂಬಿದ್ದ ಕಾಲವದು.

ಈ ಸಹೋದರರಿಗೆ ಕಂಠವಿತ್ತು, ಕೇಳಿದ್ದನ್ನು ಹಾಗೆಯೇ ಹಿಡಿದಿಡುವ ಕಿವಿಯಿತ್ತು. ಅದನ್ನು ಗುರುತಿಸಿದವರು ಹಾನಗಲ್ಲ ಕುಮಾರಸ್ವಾಮಿಗಳು. ಮಲಪ್ರಭೆಯ ದಡದಲ್ಲಿ, ಬಾದಾಮಿಯ ಸಮೀಪ, 1909ರಲ್ಲಿ ಶಿವಯೋಗಮಂದಿರವನ್ನು ಸ್ಥಾಪಿಸಿದ ಈ ಸ್ವಾಮಿಗಳು ವಿದ್ಯಾಪ್ರಸಾರವನ್ನೇ ತಮ್ಮ ಮುಖ್ಯ ಕಾಯಕವೆಂದು ಬಗೆದಿದ್ದವರು. ಇಬ್ಬರು ಹುಡುಗರನ್ನೂ ಅವರು ತಮ್ಮ ಆಶ್ರಯಕ್ಕೆ ತೆಗೆದುಕೊಂಡು ಸಂಗೀತ ಕಲಿಸುವ ಏರ್ಪಾಡು ಮಾಡಿದರು. ಗುರುಬಸಯ್ಯ ಬಹುಕಾಲ ಬದುಕಲಿಲ್ಲ. ಜೊತೆಯಲ್ಲಿ ಹಾಡುತ್ತ ಬೆಳೆದ ಒಡಹುಟ್ಟಿದವನನ್ನು ಕಳೆದುಕೊಂಡ ಗದಿಗೆಯ್ಯ ಒಂಟಿಯಾಗಿಯೇ ಆ ವಿದ್ಯೆಯನ್ನು ಮುಂದುವರಿಸಬೇಕಾಯಿತು. ಮುಂದೆ ಪಂಚಾಕ್ಷರಿ ಎಂಬ ಹೆಸರಿನಿಂದ ನಾಡಿಗೆ ಪರಿಚಿತನಾದವನು ಇವನೇ.

ಪಂಚಾಕ್ಷರಿಗಳ ಶಿಕ್ಷಣವು ಎರಡು ದಿಕ್ಕುಗಳಲ್ಲಿ ನಡೆಯಿತು. ಮೊದಲು ಮೈಸೂರಿಗೆ ಹೋಗಿ ಕರ್ನಾಟಕ ಸಂಗೀತವನ್ನು ಅಭ್ಯಾಸ ಮಾಡಿದರು. ಅನಂತರ ಉತ್ತರಾದಿಯ ಕಡೆ ಹೊರಳಿ, ಮಿರಜಿನ ನೀಲಕಂಠ ಬುವಾ ಅವರಲ್ಲಿಯೂ ಕಿರಾನಾ ಘರಾಣೆಯ ಉಸ್ತಾದ್ ಅಬ್ದುಲ್ ವಹೀದ್ ಖಾನರಲ್ಲಿಯೂ ಹಿಂದೂಸ್ತಾನಿ ಸಂಗೀತವನ್ನು ಕಲಿತರು. ಈ ಎರಡು ಪದ್ಧತಿಗಳ ಕಲಿಕೆಯ ಕ್ರಮ ಒಂದೇ ಬಗೆಯದಲ್ಲ. ಕರ್ನಾಟಕ ಪದ್ಧತಿಯಲ್ಲಿ ಸರಳೆ, ಜಂಟಿ, ಅಲಂಕಾರ, ಗೀತೆ, ವರ್ಣಗಳೆಂಬ ಮೆಟ್ಟಿಲುಗಳನ್ನು ಹತ್ತಿ ಕೃತಿಗೆ ಬರಬೇಕು. ಹಿಂದೂಸ್ತಾನಿ ಪದ್ಧತಿಯಲ್ಲಿ ಗುರುವಿನ ಎದುರು ಕುಳಿತು, ಒಂದೇ ರಾಗವನ್ನು ತಿಂಗಳುಗಟ್ಟಲೆ ಹಿಡಿದು, ಒಂದೊಂದು ಸ್ವರದ ನಿಲುಗಡೆಯನ್ನೂ ಕಿವಿಗೆ ಒಗ್ಗಿಸಿಕೊಳ್ಳಬೇಕು. ಒಂದನ್ನು ಬಲ್ಲವರು ಇನ್ನೊಂದನ್ನು ದೂರವಿಡುವುದು ಆ ಕಾಲದ ರೂಢಿ. ಪಂಚಾಕ್ಷರಿಗಳು ಎರಡರಲ್ಲಿಯೂ ಅಧಿಕಾರವಾಣಿಯಿಂದ ಕಲಿಸಬಲ್ಲವರಾದರು. ಮುಂದೆ ಅವರ ಬಳಿಗೆ ಬಂದ ಮಕ್ಕಳಿಗೆ ಇದರಿಂದ ದೊಡ್ಡ ಲಾಭವಾಯಿತು. ಮಗುವಿನ ಕಂಠ, ಒಲವುಗಳನ್ನು ನೋಡಿ ದಾರಿ ತೋರಿಸುವುದು ಗುರುವಿಗೆ ಸಾಧ್ಯವಾಯಿತು.

ಇಷ್ಟು ವಿದ್ಯೆ ಕೈಗೂಡಿದ ಮೇಲೆ ಗವಾಯಿಗಳ ಮುಂದೆ ಎರಡು ದಾರಿಗಳಿದ್ದವು. ಸಂಸ್ಥಾನಗಳ ಆಶ್ರಯ, ಶ್ರೀಮಂತರ ಮನೆಯ ಬೈಠಕ್ಕುಗಳು ಉತ್ತಮ ಗಾಯಕನಿಗೆ ಹಣವನ್ನೂ ಕೀರ್ತಿಯನ್ನೂ ತರುತ್ತಿದ್ದ ದಿನಗಳವು. ಆ ದಾರಿ ಹಿಡಿದಿದ್ದರೆ ತಮ್ಮೊಬ್ಬರ ಬಡತನವಾದರೂ ನೀಗುತ್ತಿತ್ತು. ಗವಾಯಿಗಳು ಆರಿಸಿಕೊಂಡದ್ದು ಇನ್ನೊಂದನ್ನು. ತಮ್ಮ ಹಾಗೆಯೇ ಕಣ್ಣಿಲ್ಲದೆ ಹುಟ್ಟಿ, ತಮಗೆ ಸಿಕ್ಕಂಥ ಆಸರೆ ಸಿಗದೆ ಹೋದ ಮಕ್ಕಳನ್ನು ಕೂಡಿಸಿಕೊಂಡು ಸಂಗೀತ ಕಲಿಸುವ ಕೆಲಸಕ್ಕೆ ಅವರು ನಿಂತರು. ಕುಮಾರಸ್ವಾಮಿಗಳ ಆಶಯವೂ ಅದೇ ಆಗಿತ್ತು.

ಆರಂಭದಲ್ಲಿ ಆ ಶಾಲೆಗೆ ಕಟ್ಟಡವಿರಲಿಲ್ಲ. ಗುರು, ಶಿಷ್ಯರು, ವಾದ್ಯಗಳು, ಅಡಿಗೆಯ ಪಾತ್ರೆಗಳು, ಎಲ್ಲವೂ ಒಟ್ಟಾಗಿ ಊರಿಂದ ಊರಿಗೆ ಸಾಗುವ ಸಂಚಾರಿ ಪಾಠಶಾಲೆ ಅದು. ಜಾತ್ರೆಗಳಲ್ಲಿ, ಮಠಗಳಲ್ಲಿ, ಪುರಾಣ ಪ್ರವಚನಗಳ ಸಂದರ್ಭದಲ್ಲಿ ಹಾಡುವುದು, ಭಕ್ತರು ಕೊಟ್ಟ ಕಾಳುಕಡಿಯಿಂದ ಮಕ್ಕಳ ಹೊಟ್ಟೆ ತುಂಬಿಸುವುದು, ತಂಗಿದಲ್ಲಿಯೇ ಪಾಠ ನಡೆಸುವುದು ಅದರ ದಿನಚರಿ. ಮಕ್ಕಳಿಂದ ಶುಲ್ಕವನ್ನು ಕೇಳಲಿಲ್ಲ, ಜಾತಿಯನ್ನೂ ಕೇಳಲಿಲ್ಲ. ಇಲ್ಲಿ ಗಮನಿಸಬೇಕಾದ ಒಂದು ಸಂಗತಿಯಿದೆ. ಕುರುಡ ಮಕ್ಕಳು ಭಿಕ್ಷೆ ಬೇಡಿ ಬದುಕುವ ಸ್ಥಿತಿ ಬರಬಾರದೆಂದು ಹೊರಟ ಗುರುವು ಆ ಮಕ್ಕಳಿಗಾಗಿ ತಾವೇ ಜೋಳಿಗೆ ಹಿಡಿಯಬೇಕಾಯಿತು. ಆದರೆ ಎರಡು ಭಿಕ್ಷೆಗಳ ನಡುವೆ ಅಂತರವಿತ್ತು. ಒಂದು ಜೀವಮಾನವಿಡೀ ಮುಗಿಯದ್ದು. ಇನ್ನೊಂದು, ಮಗು ಸ್ವಂತ ವಿದ್ಯೆಯಿಂದ ದುಡಿಯುವವರೆಗೆ ಮಾತ್ರ.

ಇದೇ ಕಾಲದಲ್ಲಿ ಉತ್ತರ ಭಾರತದಲ್ಲಿ ಇನ್ನೊಬ್ಬ ಮಹನೀಯರು ಸಂಗೀತಶಿಕ್ಷಣದ ಬಾಗಿಲನ್ನು ತೆರೆಯುತ್ತಿದ್ದರು. ಮಿರಜಿನಲ್ಲಿ ಬಾಳಕೃಷ್ಣ ಬುವಾ ಇಚಲಕರಂಜೀಕರರಲ್ಲಿ ಕಲಿತ ವಿಷ್ಣು ದಿಗಂಬರ ಪಲುಸ್ಕರರು 1901ರಲ್ಲಿ ಲಾಹೋರಿನಲ್ಲಿ ಗಾಂಧರ್ವ ಮಹಾವಿದ್ಯಾಲಯವನ್ನು ಸ್ಥಾಪಿಸಿದರು. ಬಾಲ್ಯದ ಅಪಘಾತದಿಂದ ಅವರ ದೃಷ್ಟಿಯೂ ಮಂದವಾಗಿತ್ತು. ಸಂಗೀತವನ್ನು ಕಲಿಸಬಲ್ಲವರನ್ನೇ ತಯಾರಿಸಬೇಕೆಂದು ಪಲುಸ್ಕರರು ಉಪದೇಶಕ ವರ್ಗವೆಂಬ ಪ್ರತ್ಯೇಕ ತರಗತಿಯನ್ನು ನಡೆಸಿದರು. ಒಬ್ಬ ಗಾಯಕನನ್ನು ರೂಪಿಸಿದರೆ ಒಂದು ಕಂಠ ಸಿಗುತ್ತದೆ, ಒಬ್ಬ ಅಧ್ಯಾಪಕನನ್ನು ರೂಪಿಸಿದರೆ ಅನೇಕ ಮಕ್ಕಳಿಗೆ ವಿದ್ಯೆ ಸಿಗುತ್ತದೆ ಎಂಬ ತಿಳಿವಳಿಕೆ ಅದರ ಹಿಂದಿತ್ತು. ಪಲುಸ್ಕರರ ವಿದ್ಯಾಲಯಕ್ಕೆ ಪಠ್ಯಕ್ರಮವಿತ್ತು, ಮುದ್ರಿತ ಪುಸ್ತಕಗಳಿದ್ದವು. ಗವಾಯಿಗಳ ಶಾಲೆಗೆ ಅವು ಇರಲಿಲ್ಲ, ಇದ್ದರೂ ಅಲ್ಲಿನ ಮಕ್ಕಳು ಓದುವಂತಿರಲಿಲ್ಲ. ಭಾರತೀಯ ಭಾಷೆಗಳಿಗೆಲ್ಲ ಸಮಾನವಾದ ಬ್ರೈಲ್ ಲಿಪಿ ರೂಪುಗೊಂಡದ್ದು 1951ರಲ್ಲಿ. ಆದ್ದರಿಂದ ಅಧ್ಯಾಪಕರನ್ನು ತಯಾರಿಸುವ ಅದೇ ಕೆಲಸವು ಇಲ್ಲಿ ಕೈಯಿಂದ ಕೈಗೆ, ಬಾಯಿಂದ ಕಿವಿಗೆ ನಡೆಯಬೇಕಾಯಿತು.

ದೃಷ್ಟಿಯಿಲ್ಲದ ಮಗುವಿಗೆ ವಾದ್ಯ ಕಲಿಸುವ ರೀತಿಯೇ ಬೇರೆ. ಹಾಗೆ ಮಾಡು ಎಂದು ತೋರಿಸಿದರೆ ಸಾಲದು. ಬೆರಳುಗಳನ್ನು ಹಿಡಿದು ಹಾರ್ಮೋನಿಯಮ್ಮಿನ ಮೇಲಿಡಬೇಕು. ಉಬ್ಬಿ ನಿಂತ ಕರಿಯ ಮನೆಗಳು ಎರಡು ಮೂರರ ಗುಂಪುಗಳಲ್ಲಿರುವುದನ್ನು ತಡವಿ ತಿಳಿದಮೇಲೆ ಷಡ್ಜವೆಲ್ಲಿ, ಪಂಚಮವೆಲ್ಲಿ ಎಂಬುದು ಕೈಗೆ ಗೊತ್ತಾಗುತ್ತದೆ. ತಬಲದ ಅಂಚು, ಬಯಲು, ನಡುವಣ ಕರಣೆ ಇವುಗಳ ಭೇದವನ್ನು ಬೆರಳತುದಿಯೇ ಅರಿಯಬೇಕು. ತಾಳವನ್ನು ಅಂಗೈಯ ಮೇಲೆ ತಟ್ಟಿ ಎಣಿಸಿಕೊಳ್ಳಬೇಕು. ತಂಬೂರಿಯ ತಂತಿ ಶ್ರುತಿಗೆ ಕೂಡಿತೇ ಇಲ್ಲವೇ ಎಂಬುದನ್ನು ಕಿವಿಯೊಂದೇ ನಿರ್ಣಯಿಸಬೇಕು. ಗುರುವೂ ಅಂಧರಾಗಿದ್ದುದರಿಂದ ಮಗುವಿನ ಕಷ್ಟ ಎಲ್ಲಿದೆಯೆಂಬುದು ಗುರುವಿಗೆ ಸ್ವಂತ ಅನುಭವದಿಂದ ತಿಳಿದಿತ್ತು. ಬೇರೆಯವರಿಗೆ ಕೊರತೆಯಾಗಿ ಕಂಡದ್ದು ಈ ಶಾಲೆಯಲ್ಲಿ ಅಧ್ಯಾಪಕನ ಅರ್ಹತೆಯಾಯಿತು. ಒಬ್ಬ ಗುರುವಿನಿಂದ ಎಲ್ಲ ಮಕ್ಕಳಿಗೂ ಹೀಗೆ ಕಲಿಸಲಾಗದು. ಆದಕಾರಣ ಮೊದಲು ಬಂದ ಶಿಷ್ಯರು ಅನಂತರ ಬಂದವರಿಗೆ ಪಾಠ ಹೇಳುವುದು ಗುರುಕುಲದ ಪದ್ಧತಿಯಾಯಿತು. ಹಾಗೆ ಹೇಳುತ್ತ ಹೇಳುತ್ತ ಅವರು ತಾವೇ ಅಧ್ಯಾಪಕರಾಗಿ ಪಳಗಿದರು.

1930ರಲ್ಲಿ ಹಾನಗಲ್ಲ ಕುಮಾರಸ್ವಾಮಿಗಳು ಲಿಂಗೈಕ್ಯರಾದರು. ಬಾಲ್ಯದಿಂದ ಕಾಪಾಡಿದ ಆಸರೆ ಇಲ್ಲವಾಯಿತು, ಮಕ್ಕಳ ಸಂಖ್ಯೆ ಮಾತ್ರ ಹೆಚ್ಚುತ್ತಲೇ ಇತ್ತು. ಖರ್ಚನ್ನು ಸರಿದೂಗಿಸಲು ಗವಾಯಿಗಳು ತಮ್ಮ ಗುರುವಿನ ಹೆಸರನ್ನು ಮುಂದಿಟ್ಟುಕೊಂಡು ಕುಮಾರೇಶ್ವರ ಕೃಪಾಪೋಷಿತ ನಾಟ್ಯಸಂಘವನ್ನು ಕಟ್ಟಿದರು. ರಂಗಸಂಗೀತವು ಉತ್ತರ ಕರ್ನಾಟಕದ ಜನರ ಪ್ರಾಣವಾಗಿದ್ದ ಕಾಲವದು. ನಾಟಕದ ಆದಾಯ ಶಾಲೆಗೆ ಒದಗಿತು, ಹಾಡಲು ನುಡಿಸಲು ಕಲಿತ ಶಿಷ್ಯರಿಗೆ ಜನರೆದುರು ನಿಲ್ಲುವ ಅಭ್ಯಾಸವೂ ಆಯಿತು. ಕೊನೆಗೆ ಗದುಗಿನ ದಾನಿಗಳಾದ ಬಸರಿಗಿಡದ ವೀರಪ್ಪನವರ ಔದಾರ್ಯದಿಂದ ಅಲೆಮಾರಿ ಶಾಲೆಗೆ ಒಂದು ನೆಲೆ ದೊರೆಯಿತು. ವೀರೇಶ್ವರ ಪುಣ್ಯಾಶ್ರಮವು ಗದುಗಿನಲ್ಲಿ ಬೇರೂರಿತು.

ಗವಾಯಿಗಳ ಶಿಷ್ಯರಲ್ಲಿ ಕಣ್ಣುಳ್ಳವರೂ ಇದ್ದರು. ಯಲಿವಾಳದ ಬಸವರಾಜ ರಾಜಗುರು ಅವರು ಎಳೆಯ ವಯಸ್ಸಿನಲ್ಲಿಯೇ ಬಂದು ಸೇರಿದರು. 1936ರಲ್ಲಿ ವಿಜಯನಗರ ಸಾಮ್ರಾಜ್ಯ ಸ್ಥಾಪನೆಯ ಆರುನೂರನೆಯ ವರ್ಷದ ಉತ್ಸವ ಹಂಪಿಯಲ್ಲಿ ನಡೆದಾಗ, ಆ ದೊಡ್ಡ ಜನಸ್ತೋಮದೆದುರು ತರುಣ ಬಸವರಾಜರು ಹಾಡಿದರು. ತಬಲ ಸಾಥ್ ಕೊಟ್ಟವರು ಸ್ವತಃ ಗವಾಯಿಗಳು. ಮುಖ್ಯ ಗಾಯಕನ ಸ್ಥಾನದಲ್ಲಿ ಶಿಷ್ಯ, ಪಕ್ಕವಾದ್ಯದ ಸ್ಥಾನದಲ್ಲಿ ಗುರು. ಸಂಗೀತಸಭೆಗಳಲ್ಲಿ ಸ್ಥಾನಮಾನಗಳ ಎಣಿಕೆ ಎಷ್ಟೆಂಬುದನ್ನು ಬಲ್ಲವರಿಗೆ ಈ ನಡೆಯ ಬೆಲೆ ತಿಳಿಯುತ್ತದೆ. ಮೊದಲ ಬಾರಿಗೆ ದೊಡ್ಡ ಸಭೆಯನ್ನು ಎದುರಿಸುವ ಹುಡುಗನಿಗೆ ಲಯ ತಪ್ಪದಂತೆ ಪಕ್ಕದಲ್ಲಿಯೇ ಕುಳಿತು ಕಾಯ್ದದ್ದೂ ಒಂದು ಪಾಠವೇ. ಹಂಪಿಯಿದ್ದ ಬಳ್ಳಾರಿ ಜಿಲ್ಲೆಯಲ್ಲಿಯೇ ಆದೋನಿ, ಆಲೂರು ತಾಲ್ಲೂಕುಗಳೂ ಆಗ ಸೇರಿದ್ದವು. 1953ರಲ್ಲಿ ಆಂಧ್ರ ರಾಜ್ಯ ರಚನೆಯಾದಾಗ ಅವು ಬೇರ್ಪಟ್ಟವು. ಎಂದರೆ ಆ ಉತ್ಸವವು ಈ ಭಾಗದ ಜನಕ್ಕೆ ತಮ್ಮ ಜಿಲ್ಲೆಯದೇ ಆಗಿತ್ತು. ತುಂಗಭದ್ರೆಯ ಆಚೆದಡದ ರಾಯಚೂರು ಸೀಮೆಯಿಂದ ಹೋಗಿ ಹೆಸರಾದ ಸಿದ್ಧರಾಮ ಜಂಬಲದಿನ್ನಿಯವರೂ ಗವಾಯಿಗಳ ಶಿಷ್ಯಪರಂಪರೆಗೆ ಸೇರಿದವರು. ವಚನಗಳನ್ನು ಹಿಂದೂಸ್ತಾನಿ ರಾಗಗಳಲ್ಲಿ ಹಾಡಿ ಜನರ ನಾಲಗೆಗೆ ತಂದ ಕೀರ್ತಿಯಲ್ಲಿ ಈ ಶಿಷ್ಯವರ್ಗದ ಪಾಲು ದೊಡ್ಡದು. ಕನ್ನಡವನ್ನು ಐಚ್ಛಿಕವಾಗಿ ಓದುವವರು ಪುಟಗಳಲ್ಲಿ ಕಾಣುವ ವಚನವು ಹಾಡಿನ ಮೂಲಕ ಅಕ್ಷರ ಬಾರದವರ ಮನೆಗೂ ಹೋಯಿತೆಂಬುದನ್ನು ಮರೆಯಲಾಗದು.

ಗವಾಯಿಗಳ ಶಿಷ್ಯರಲ್ಲಿ ಆಶ್ರಮದ ಭವಿಷ್ಯವನ್ನು ಹೊತ್ತವರು ಪುಟ್ಟರಾಜರು. 1914ರಲ್ಲಿ ಹಾನಗಲ್ಲ ಸೀಮೆಯಲ್ಲಿಯೇ ಹುಟ್ಟಿ, ಶೈಶವದಲ್ಲಿಯೇ ದೃಷ್ಟಿ ಕಳೆದುಕೊಂಡ ಈ ಬಾಲಕನನ್ನು ಅವನ ಸೋದರಮಾವ ಗವಾಯಿಗಳ ಬಳಿಗೆ ತಂದು ಬಿಟ್ಟರು. ಗುರುಗಳು ಅವನಿಗೆ ಎರಡೂ ಪದ್ಧತಿಗಳ ಗಾಯನವನ್ನೂ ಹಲವು ವಾದ್ಯಗಳನ್ನೂ ಕಲಿಸಿದರು. ಅದರ ಜೊತೆಗೆ ಆಶ್ರಮವೆಂಬ ಸಂಸಾರವನ್ನು ನಡೆಸುವ ಕ್ರಮವನ್ನು ಪುಟ್ಟರಾಜರು ಗುರುವಿನ ಬಳಿಯಿದ್ದೇ ಅರಿತರು. ಮುಂದೆ ನಾಟ್ಯಸಂಘಕ್ಕೆ ನಾಟಕಗಳನ್ನು ರಚಿಸಿಕೊಟ್ಟವರೂ ಅವರೇ.

1944ರ ಜೂನ್ 11ರಂದು ಗವಾಯಿಗಳು ಗದುಗಿನಲ್ಲಿ ಕಾಲವಾದರು. ಆಗ ಅವರಿಗೆ 52 ವರ್ಷ. ಎರಡನೆಯ ಮಹಾಯುದ್ಧದ, ಧಾನ್ಯ ದುರ್ಲಭವಾಗಿದ್ದ ದಿನಗಳವು. ಒಬ್ಬ ವ್ಯಕ್ತಿಯ ಕಂಠ ಮತ್ತು ಜೋಳಿಗೆಗಳ ಮೇಲೆ ನಿಂತ ಸಂಸ್ಥೆಗಳು ಆ ವ್ಯಕ್ತಿಯೊಡನೆಯೇ ಮುಗಿಯುವುದು ಲೋಕದ ಅನುಭವ. ಹಾಗೆ ಮುಗಿದಿದ್ದರೆ ಆಶ್ರಮದ ಮಕ್ಕಳು ಮತ್ತೆ ಬೀದಿಗೆ ಬೀಳುತ್ತಿದ್ದರು. ಹಾಗಾಗಲಿಲ್ಲ. ಮೂವತ್ತು ವರ್ಷದ ಪುಟ್ಟರಾಜರು ಹೊಣೆಯನ್ನು ಹೊತ್ತು, 2010ರಲ್ಲಿ ತಾವು ತೀರಿಕೊಳ್ಳುವವರೆಗೆ 66 ವರ್ಷ ಆಶ್ರಮವನ್ನು ನಡೆಸಿದರು. ಅದೇ ವರ್ಷ ಅವರಿಗೆ ಪದ್ಮಭೂಷಣ ಪ್ರಶಸ್ತಿಯೂ ಸಂದಿತ್ತು. ಆಶ್ರಮದಲ್ಲಿ ಕಲಿತ ಅನೇಕರು ಸಂಗೀತ ಶಿಕ್ಷಕರಾಗಿ, ವಾದ್ಯಗಾರರಾಗಿ, ಕೀರ್ತನಕಾರರಾಗಿ ನಾಡಿನ ಊರೂರುಗಳಲ್ಲಿ ಸ್ವಂತ ದುಡಿಮೆಯಿಂದ ಬಾಳಿದರು.

ಪಂಚಾಕ್ಷರ ಗವಾಯಿಗಳ ಕಛೇರಿಗಳನ್ನು ಕೇಳಿದವರು ಇಂದು ಸಿಗುವುದು ವಿರಳ. ಅವರು ಕಲಿಸಿದವರು ಕಲಿಸಿದವರ ಕೈಯಲ್ಲಿ ಕಲಿತ ಮಕ್ಕಳು ಮಾತ್ರ ಇದ್ದಾರೆ. ಮೊದಲ ದಿನದ ಪಾಠಕ್ಕೆ ಕುಳಿತ ಮಗುವಿನ ಬೆರಳನ್ನು ಹಿಡಿದು ಷಡ್ಜದ ಮನೆಯ ಮೇಲಿಡುವ ಆ ಕೆಲಸ ಗದುಗಿನಲ್ಲಿ ನಿಂತಿಲ್ಲ.